ರಿವರ್ಸ್ ಆಸ್ಮೋಸಿಸ್: ಉಪ್ಪಿಗೆ ಹಾಕಿದ ಮಿಡಿಯ ಉಲ್ಟಾ ಲೆಕ್ಕ

ಮಾವಿನ ಮಿಡಿಯನ್ನು ಕಲ್ಲುಪ್ಪಿನ ಜೊತೆ ಭರಣಿಗೆ ತುಂಬಿಸಿಡಿ. ಒಂದು ಹನಿ ನೀರು ಹಾಕದಿದ್ದರೂ ಕೆಲವು ದಿನದಲ್ಲಿ ಭರಣಿಯಲ್ಲಿ ನೀರು ನಿಂತಿರುತ್ತದೆ, ಮಿಡಿ ಸುಕ್ಕುಗಟ್ಟಿರುತ್ತದೆ. ಆ ನೀರು ಮಿಡಿಯ ಒಳಗಿನದೇ. ಉಪ್ಪು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ನೀರು ಹೀಗೆ ಪೊರೆ ದಾಟಿ ಹೋಗುವುದಕ್ಕೆ ಆಸ್ಮೋಸಿಸ್ ಎನ್ನುತ್ತಾರೆ. ಶಾಲೆಯ ಪುಸ್ತಕದಲ್ಲಿ ಇದೇ ಅಭಿಸರಣೆ.

ಈಗ ಉಲ್ಟಾ ಮಾಡಿ. ಉಪ್ಪುನೀರಿನ ಕಡೆಯಿಂದ ಜೋರಾಗಿ ಒತ್ತಿದರೆ ನೀರು ವಾಪಸ್ ಬರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮನೆಯಲ್ಲಿ ನೀರು ಶುದ್ಧ ಮಾಡುವ ಆರ್‌ಓ, ಅಂದರೆ ರಿವರ್ಸ್ ಆಸ್ಮೋಸಿಸ್, ಇಷ್ಟೇ. ಹೆಸರಿನಲ್ಲಿರುವ ‘ರಿವರ್ಸ್’ ಈ ಒತ್ತುವಿಕೆ.

ಎಷ್ಟು ಒತ್ತಬೇಕು? ಅದು ಉಪ್ಪಿನ ಮೇಲೆ ಹೋಗುತ್ತದೆ. ಸಮುದ್ರದ ನೀರಾದರೆ ಸುಮಾರು 27 ಬಾರ್ ಒತ್ತಡ ದಾಟಿದ ಮೇಲೆಯೇ ಸಿಹಿನೀರು ಬರಲು ಶುರು. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ, ಲೆಕ್ಕ ಹಾಕಿ! ಮೇ ತಿಂಗಳಲ್ಲಿ ಉಪ್ಪಾಗುವ ಅಳಿವೆ ಬದಿಯ ಬಾವಿಗೆ ಅಷ್ಟು ಬೇಡ. ಲೀಟರಿಗೆ 1500 ಮಿಲಿಗ್ರಾಂ ಲವಣ ಇದ್ದರೂ ದಾಟಬೇಕಾದ್ದು ಸುಮಾರು 1 ಬಾರ್. ಆದರೆ ತಾರಸಿ ಮೇಲಿನ ಟ್ಯಾಂಕಿಯಿಂದ ಅಷ್ಟು ಒತ್ತಡ ಬರಬೇಕಾದರೂ 10 ಮೀಟರ್ ಎತ್ತರ ಬೇಕು. ಅದಕ್ಕೇ ಅಡುಗೆಮನೆಯ ಯಂತ್ರದೊಳಗೆ ಗುರ್ರ್ ಅನ್ನುವ ಪುಟ್ಟ ಪಂಪು.

ಪೊರೆ, ಅಂದರೆ ಮೆಂಬ್ರೇನ್, ಜರಡಿಯಲ್ಲ. ಬಹಳ ಮಂದಿ ಹಾಗೆಂದುಕೊಂಡಿದ್ದಾರೆ, ನಾನೂ ಅಂದುಕೊಂಡಿದ್ದೆ. ಕೆಲಸ ಮಾಡುವ ಪದರ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್, ದಪ್ಪ ಒಂದು ಮೈಕ್ರಾನಿಗಿಂತಲೂ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಡಿಮೆ. ನೀರಿನ ಕಣಗಳು ಅದರೊಳಗೆ ಕರಗಿದ ಹಾಗೆ ಸೇರಿಕೊಂಡು ಆಚೆಗೆ ನುಸುಳುತ್ತವೆ. ಉಪ್ಪಿನ ಕಣಗಳು ಸುತ್ತ ನೀರನ್ನು ಅಂಟಿಸಿಕೊಂಡೇ ಇರುತ್ತವೆ, ಅದನ್ನು ಬಿಟ್ಟು ಒಳಗೆ ಬರುವುದು ಅವಕ್ಕೆ ಕಷ್ಟ. ನೂರಕ್ಕೆ ತೊಂಬತ್ತೈದರ ಮೇಲೆ ಈಚೆಗೇ ನಿಲ್ಲುತ್ತವೆ. ಕ್ಲೋರಿನ್ ಮಾತ್ರ ಈ ಪೊರೆಯನ್ನೇ ತಿಂದುಹಾಕುತ್ತದೆ. ಮುಂದುಗಡೆ ಕಾರ್ಬನ್ ಫಿಲ್ಟರ್ ಇಡುವುದು ಅದಕ್ಕಾಗಿ.

ಮೊದಲಿನ ಪೊರೆಗಳಲ್ಲಿ ನೀರು ತೊಟ್ಟಿಕ್ಕುತ್ತಿತ್ತು ಅಷ್ಟೆ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಮೇಲೆ ತೆಳು ಸಿಪ್ಪೆ, ಕೆಳಗೆ ರಂಧ್ರಗಳ ಆಧಾರ ಇರುವ ಪೊರೆ ಮಾಡಿದರು. ಆಮೇಲೆಯೇ ಇದು ಉಪಯೋಗಕ್ಕೆ ಬಂತು.

ಇನ್ನು ಪೈಪಿನಿಂದ ಹೊರಹೋಗುವ ನೀರು. ಅದನ್ನು ಕಟ್ಟಿಹಾಕಿದರೆ ಪೊರೆಯ ಎದುರು ಉಪ್ಪು ಗಟ್ಟಿಯಾಗುತ್ತಾ ಹೋಗಿ, ಒತ್ತಡ ಸಾಲದೆ ಯಂತ್ರವೇ ಸೋಲುತ್ತದೆ. ಹಾಗಾಗಿ ಒಂದು ಲೀಟರ್ ಕುಡಿಯಲು ಸಿಗುವಾಗ ಮೂರು ಲೀಟರ್ ಹೊರಗೆ ಹೋಗುವುದು ಮನೆಯ ಯಂತ್ರಗಳಲ್ಲಿ ಮಾಮೂಲು. ಒಂದು ಬಕೆಟ್ ಇಟ್ಟರೆ ನೆಲ ಒರೆಸಲಾದರೂ ಆದೀತು.

ನಮ್ಮ ಮುರಕಲ್ಲಿನ ಬಾವಿಗಳಿಗೆ ಇದು ಬೇಕಾ? ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಟಿಡಿಎಸ್, ಅಂದರೆ ಕರಗಿದ ಲವಣದ ಒಟ್ಟು ಲೆಕ್ಕ, ಲೀಟರಿಗೆ 500 ಮಿಲಿಗ್ರಾಂ ತನಕ ಸರಿ. ಉಡುಪಿಯ ನಮ್ಮ ಬಾವಿಗೆ ಮೀಟರ್ ಇಟ್ಟರೆ 60 ತೋರಿಸುತ್ತದೆ. ಮಳೆಗಾಲದಲ್ಲಿ ನಮ್ಮ ಚಿಂತೆ ರೋಗಾಣು, ಅದನ್ನು ಆ ಮೀಟರ್ ಕಾಣುವುದೇ ಇಲ್ಲ. ಅದಕ್ಕೆ ಕುದಿಸಿದರೆ ಸಾಕು. ಅಳಿವೆ ಬದಿಯವರ ಮಾತು ಬೇರೆ. ಉಪ್ಪು ಕುದಿಸಿದರೆ ಹೋಗುವುದಿಲ್ಲ, ಅವರಿಗೆ ಆರ್‌ಓ ಬೇಕೇ ಬೇಕು.

ಕಳೆದ ವರ್ಷ ಯಂತ್ರ ಮಾರಲು ಒಬ್ಬರು ಬಂದಿದ್ದರು. ಎರಡು ಲೋಟಕ್ಕೆ ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟರು. ನಮ್ಮ ಬಾವಿ ನೀರು ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿತು, ಅವರ ಆರ್‌ಓ ನೀರು ಹಾಗೇ ಇತ್ತು. “ನೋಡಿ ಸರ್, ಎಷ್ಟು ಕೊಳೆ!” ಎಂದರು. ಕೊಳೆ ಅಲ್ಲ, ಕಡ್ಡಿಯ ಕಬ್ಬಿಣವೇ ಬಿಟ್ಟುಕೊಂಡದ್ದು. ಲವಣ ಇಲ್ಲದ ನೀರಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಅವರ ಲೋಟ ತಿಳಿಯಾಗಿತ್ತು. ಅದಕ್ಕೊಂದು ಚಿಟಿಕೆ ಉಪ್ಪು ಹಾಕಿ ಮತ್ತೊಮ್ಮೆ ಕರೆಂಟ್ ಕೊಡಿ ಮಾರಾಯ್ರೆ ಎಂದೆ. ಕೊಟ್ಟರು. ಅದು ನಮ್ಮ ಬಾವಿ ನೀರಿಗಿಂತಲೂ ಕಪ್ಪಾಯಿತು.