ಟೆನೆಂಟ್ ಅಂದರೆ ಬರೀ ಬಾಡಿಗೆಯವನಲ್ಲ

ಆಸ್ತಿ ಕಾನೂನಿನ ಇಂಟರ್ನಲ್ಸ್‌ನಲ್ಲಿ 'ಟೆನೆಂಟ್ಸ್ ಇನ್ ಕಾಮನ್' ಯಾರು ಅಂತ ಕೇಳಿದ್ದರು. ಒಂದೇ ಮನೆಯಲ್ಲಿ ಬಾಡಿಗೆಗಿರುವವರು ಅಂತ ಧೈರ್ಯವಾಗಿ ಬರೆದು ಬಂದೆ. ಸೊನ್ನೆ ಬಿತ್ತು. ಅವರು ಬಾಡಿಗೆಯವರೇ ಅಲ್ಲ, ಮಾಲೀಕರು! ನೀವೂ ಇಲ್ಲಿ ಎಡವಬಾರದು ಅಂತ ಈ ಟಿಪ್ಪಣಿ.

ಲ್ಯಾಟಿನ್‌ನಲ್ಲಿ 'ಟೆನೇರೆ' ಅಂದರೆ ಹಿಡಿಯುವುದು. ಅದು ಫ್ರೆಂಚ್‌ಗೆ ಬಂದು 'ತೆನೀರ್' ಆಯಿತು, ಅದರಿಂದ ಹುಟ್ಟಿದ್ದು ಟೆನೆಂಟ್, ಅಂದರೆ ಹಿಡಿದಿರುವವನು. ಬಾಡಿಗೆಯ ಮಾತೇ ಇಲ್ಲ ನೋಡಿ. ಲೆಫ್ಟಿನೆಂಟ್‌ನ ಬಾಲದಲ್ಲಿ ಇರುವುದೂ ಇದೇ ಟೆನೆಂಟ್: ಮೇಲಿನವನ ಜಾಗ ಹಿಡಿದು ನಿಂತವನು.

ಸರಿ, ಮಾಲೀಕನಿಗೆ ಈ ಹೆಸರು ಯಾಕೆ? 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಅಲ್ಲಿನ ನೆಲವೆಲ್ಲ ಕೊನೆಗೆ ರಾಜನದೇ, ಉಳಿದವರು ಅವನಿಂದ ಪಡೆದು ಹಿಡಿದವರು ಅಷ್ಟೇ ಅನ್ನುವ ಲೆಕ್ಕ ಬಂತು. ಸಾವಿರಾರು ಎಕರೆಯ ಸರದಾರನೂ 'ಟೆನೆಂಟ್ ಇನ್ ಚೀಫ್', ನೆಲಕ್ಕೆ ಬದಲಾಗಿ ರಾಜನ ಯುದ್ಧಕ್ಕೆ ಕುದುರೆ ಸವಾರರನ್ನು ಕಳಿಸಬೇಕು, ಅವನ ಕೈಕೆಳಗೆ ಇನ್ನೊಬ್ಬ, ಅವನ ಕೆಳಗೆ ಮತ್ತೊಬ್ಬ. ಯಾರ ಕೈಯಲ್ಲಿ ಎಷ್ಟು ನೆಲ ಅಂತ 1086ರ ಡೂಮ್ಸ್‌ಡೇ ಪುಸ್ತಕದಲ್ಲಿ ಬರೆಸಿದರು, ದೊಡ್ಡ ಪಹಣಿ ಇದ್ದ ಹಾಗೆ. ಸವಾರರನ್ನು ಕಳಿಸುವ ಕರಾರು 1660ರ ಕಾಯ್ದೆಯಿಂದ ಹೋಯಿತು. ಹೆಸರು ಮಾತ್ರ ಉಳಿಯಿತು.

ನಮ್ಮ 'ಹಿಡುವಳಿದಾರ'ನನ್ನು ಬಿಡಿಸಿದರೆ ಜಾಸ್ತಿ ಮಜಾ. 'ಹಿಡುವಳಿ' ಹುಟ್ಟಿದ್ದು 'ಹಿಡಿ'ಯಿಂದ. 'ದಾರ' ಪರ್ಷಿಯನ್ನಿನದು, ಅದರ ಅರ್ಥವೂ ಹಿಡಿದಿರುವವನು, ಇಟ್ಟುಕೊಂಡವನು. ಒಂದೇ ಪದದಲ್ಲಿ ಎರಡು ಸಲ ಹಿಡಿದಾಯ್ತು, ಅಲ್ವಾ!

ಈಗ ಪರೀಕ್ಷೆಗೆ ಬೇಕಾದ್ದು. ಇಬ್ಬರು ಸೇರಿ ಒಂದು ಸೈಟು ಕೊಂಡರು ಅಂದುಕೊಳ್ಳಿ. ಅವರು 'ಜಾಯಿಂಟ್ ಟೆನೆಂಟ್ಸ್' ಆಗಿದ್ದರೆ ಒಬ್ಬ ಸತ್ತ ಕೂಡಲೇ ಇಡೀ ಸೈಟು ಉಳಿದವನಿಗೆ, ಸತ್ತವನ ಮಕ್ಕಳು ವಿಲ್ ಹಿಡಿದು ಬಂದರೂ ನಡೆಯುವುದಿಲ್ಲ. 'ಟೆನೆಂಟ್ಸ್ ಇನ್ ಕಾಮನ್' ಆದರೆ ಅವನವನ ಪಾಲು ಬೇರೆ. ಅದನ್ನು ಮಾರಬಹುದು, ವಿಲ್ ಬರೆಯಬಹುದು, ಸತ್ತರೆ ಅವನ ವಾರಸುದಾರರಿಗೆ ಹೋಗುತ್ತದೆ. ಎರಡು ಕಡೆಯೂ ಬಾಡಿಗೆ ಅಂತ ಒಂದು ರೂಪಾಯಿ ಇಲ್ಲ.

ಹಾಗಂತ ಎಲ್ಲ ಕಡೆ ಮಾಲೀಕ ಅಂತ ಬರೆದುಬಿಡಬೇಡಿ. ಪಹಣಿಗೆ ಆರ್‌ಟಿಸಿ ಅಂತೀವಲ್ಲ, ಅದರ ಟಿ ಟೆನೆನ್ಸಿ. ಅಲ್ಲಿ ಅರ್ಥ ಗೇಣಿಯೇ.