ಮರ ಉಂಡರೆ ಅಣಬೆಗೆ ಉಪವಾಸ

ಸ್ವೀಡನ್ನಿನ ಪೈನ್, ಸ್ಪ್ರೂಸ್ ಕಾಡುಗಳಿಗೆ ಗೊಬ್ಬರ ಎರಚಲು ಹೆಲಿಕಾಪ್ಟರ್ ಬರುತ್ತದೆ. ಹೆಕ್ಟೇರಿಗೆ ಸುಮಾರು 150 ಕಿಲೋ ಸಾರಜನಕ. ಕಡಿಯಲು ಹತ್ತು ವರ್ಷ ಇರುವಾಗ ಒಮ್ಮೆ ಹಾಕಿದರೆ ದಿಮ್ಮಿ ದಪ್ಪವಾಗುತ್ತದೆ. ಆ ಚಳಿನಾಡಿನ ಮರಗಳಿಗೆ ಸಾರಜನಕದ ಬರ ಇದ್ದೇ ಇರುವುದರಿಂದ ಇದು ಸಹಜ.

ಮಣ್ಣಿನ ವಿಷಯ ಅಷ್ಟು ಸಹಜವಲ್ಲ. ಒಣ ತರಗೆಲೆಯ ಗುಡ್ಡೆಗೆ ಸಗಣಿ ಬಗ್ಗಡ ಸುರಿದರೆ ಬೇಗ ಕೊಳೆಯುತ್ತದೆಂದು ಗೊಬ್ಬರಗುಂಡಿ ತೋಡಿದವರಿಗೆಲ್ಲ ಗೊತ್ತು. ಹಾಗಾದರೆ ಕಾಡಿನ ನೆಲದಲ್ಲೂ ಕೊಳೆತ ಚುರುಕಾಗಿ ಇಂಗಾಲ ಗಾಳಿಗೆ ಸೇರಬೇಕಿತ್ತು. 1967ರಲ್ಲಿ ಮಧ್ಯ ಸ್ವೀಡನ್ನಿನ ಸ್ಟ್ರೋಸಾನ್‌ನಲ್ಲಿ ಶುರುವಾದಂಥ ದೀರ್ಘಕಾಲದ ಪ್ರಯೋಗಗಳಲ್ಲಿ ಕಂಡದ್ದೇ ಬೇರೆ: ಗೊಬ್ಬರ ಕಂಡ ತಾಕುಗಳಲ್ಲಿ ಇಂಗಾಲ ಮಣ್ಣಿನಲ್ಲೇ ಹೆಚ್ಚಾಗಿ ಉಳಿದಿತ್ತು.

ಇದರ ಸುಳಿವು ಇನ್ನೊಂದು ಪ್ರಯೋಗದಲ್ಲಿದೆ. ಉತ್ತರ ಸ್ವೀಡನ್ನಿನ ಪೈನ್ ಮರಗಳ ಕಾಂಡದಿಂದ ವಿಜ್ಞಾನಿ ಪೀಟರ್ ಹೊಗ್‌ಬೆರ್ಗ್ ಮತ್ತು ಸಂಗಡಿಗರು ಬಳೆಯಂತೆ ತೊಗಟೆ ತೆಗೆದರು. ಎಲೆಯ ಸಕ್ಕರೆ ಬೇರಿಗೆ ಇಳಿಯುವ ದಾರಿ ಕಡಿದುಹೋಯಿತು. ಎರಡು ತಿಂಗಳೊಳಗೆ ನೆಲ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಅರ್ಧಕ್ಕೆ ಕುಸಿಯಿತು. 2001ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ, ಮಣ್ಣಿನ ಉಸಿರಿನಲ್ಲಿ ಅರ್ಧ ಭಾಗ ಮರದ ತಾಜಾ ಸಕ್ಕರೆಯದ್ದೇ ಎಂಬುದನ್ನು ಅಲ್ಲಗಳೆಯುವುದು ಕಷ್ಟವಾಯಿತು.

ಆ ಸಕ್ಕರೆಯಲ್ಲಿ ದೊಡ್ಡ ಪಾಲು ಬೇರಿಗೆ ಹೆಣೆದುಕೊಂಡ ಶಿಲೀಂಧ್ರಗಳಿಗೆ ಹೋಗುತ್ತದೆ. ಪ್ರತಿಯಾಗಿ ಅವು ಸಾರಜನಕ ತಂದುಕೊಡುತ್ತವೆ. ಅವುಗಳಲ್ಲಿ ಕಾರ್ಟಿನೇರಿಯಸ್ ಎಂಬ ಅಣಬೆಯ ಗುಂಪು ಗಟ್ಟಿ ಆಳು: ಮ್ಯಾಂಗನೀಸ್ ಪೆರಾಕ್ಸಿಡೇಸ್ ಎಂಬ ಕಿಣ್ವದಿಂದ ತರಗೆಲೆಯ ಹಳೆಯ ಗಡಸು ಪದರವನ್ನೇ ಒಡೆದು ಸಾರಜನಕ ಹೆಕ್ಕುತ್ತದೆ. ಆಕಾಶದಿಂದಲೇ ಗೊಬ್ಬರ ಸುರಿದ ಮೇಲೆ ಮರಕ್ಕೆ ಆಳಿನ ಹಂಗೇಕೆ? ಕೂಲಿ ಕಡಿತವಾಗುತ್ತದೆ, ಅಣಬೆ ಕ್ಷೀಣಿಸುತ್ತದೆ, ಉದುರಿದ ಸೂಜಿ ಎಲೆ ಅರೆಕೊಳೆತು ಬಿದ್ದಿರುತ್ತದೆ. ಮರ ದಪ್ಪವಾದಂತೆ ಉದುರುವ ಎಲೆಯೂ ಹೆಚ್ಚುತ್ತದೆ, ನಿಜ. ಆದರೆ ಇಂಗಾಲದ ಈ ಉಳಿತಾಯದ ಹೆಚ್ಚಿನ ಶ್ರೇಯಸ್ಸು ಅಣಬೆಯ ಕೆಲಸ ನಿಂತದ್ದಕ್ಕೇ ಸಲ್ಲಬೇಕು.

ಹಾಕಿದ ಒಂದು ಕಿಲೋ ಸಾರಜನಕಕ್ಕೆ ಮಣ್ಣಿನಲ್ಲಿ ಹತ್ತು ಕಿಲೋ ಆಸುಪಾಸು ಇಂಗಾಲ ಕೂಡಿಕೊಳ್ಳುತ್ತದೆ, ಮರದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಈ ಲಾಭದಲ್ಲಿ ಗೊಬ್ಬರ ತಯಾರಿಕೆಗೆ ಉರಿದ ನೈಸರ್ಗಿಕ ಅನಿಲವನ್ನು ಕಳೆಯಬೇಕು. ಮಣ್ಣಿನಿಂದ ಸೋರುವ ನೈಟ್ರಸ್ ಆಕ್ಸೈಡನ್ನೂ ಕಳೆಯಬೇಕು. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 250 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುವ ಅನಿಲ. ಈ ಗಣಿತವನ್ನು ನಮ್ಮ ನೀಲಗಿರಿ ತೋಪುಗಳಿಗೆ ಹಾಗೆಯೇ ಎತ್ತಿ ತರಲೂ ಬಾರದು. ಬೆಚ್ಚಗಿನ ನೆಲದಲ್ಲಿ ತರಗೆಲೆ ಅಷ್ಟು ದಪ್ಪ ಪದರವಾಗಿ ಕೂರುವುದಿಲ್ಲ.

ಸ್ವೀಡನ್ನಿನಲ್ಲೂ ಬಿಟ್ಟುಹೋದ ಆಳುಗಳು ಬೇಗ ಮರಳುವುದಿಲ್ಲ. ಗೊಬ್ಬರ ನಿಲ್ಲಿಸಿ ದಶಕಗಳು ಕಳೆದ ತಾಕುಗಳಲ್ಲೂ ಪಾಚಿ, ಅಣಬೆಗಳ ಬಳಗ ಪಕ್ಕದ ಕಾಡಿನದರಂತೆ ಇರಲಿಲ್ಲ.