ಹೋದ ಕರೆಂಟು ವಾಪಸ್ ಬಂತಾ?

ಆಯುಧಪೂಜೆಯ ಮರುದಿನ ದಾವಣಗೆರೆಯ ವೆಲ್ಡಿಂಗ್ ಶಾಪುಗಳಲ್ಲಿ ಗ್ರೈಂಡರ್, ಡ್ರಿಲ್ಲುಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು. ಪೂಜೆಗೆ ತಕರಾರಿಲ್ಲ. ಆದರೆ ಅದೇ ಗ್ರೈಂಡರಿನ ವೈರು ಪ್ಲಗ್ಗೇ ಇಲ್ಲದೆ, ಸಾಕೆಟ್ಟಿನ ತೂತಿನಲ್ಲಿ ಬೆಂಕಿಕಡ್ಡಿಯ ಆಸರೆಯಲ್ಲಿ ನಿಂತಿರುತ್ತದಲ್ಲ, ಅದಕ್ಕೆ ಖಂಡಿತ ತಕರಾರಿದೆ. ಕೇಳಿದರೆ ಸಿದ್ಧ ಉತ್ತರ: ‘ಎಂಸಿಬಿ ಹಾಕ್ಸೀವಲ್ರೀ, ಏನೂ ಆಗಲ್ಲ.’

ಎಂಸಿಬಿ ಅಂದರೆ ಲೋಡು ಹೆಚ್ಚಾದರೆ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್ಚು. ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಬೆವೆತ ಕೈಯಿಂದ ಕಾಲಿನವರೆಗೆ ನಮ್ಮ ಮೈಯ ರೋಧ ಸುಮಾರು 1500 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ ಮೈಯಲ್ಲಿ ಹರಿಯುವುದು 150 ಮಿಲಿಆಂಪಿಯರ್. ಒಂದೆರಡು ಸೆಕೆಂಡು ಹರಿದರೆ ಎದೆಬಡಿತದ ಲಯ ತಪ್ಪಿಸಲು ಇಷ್ಟು ಸಾಕು. 16 ಆಂಪಿಯರಿನ ಎಂಸಿಬಿಗೆ ಇದು ನೂರನೇ ಒಂದು ಪಾಲು. ಅದು ಮಿಸುಕುವುದೂ ಇಲ್ಲ.

‘ಕರೆಂಟು ಎಳ್ಕೊಂತು’ ಅನ್ನುತ್ತೇವೆ. ಕರೆಂಟು ಯಾರನ್ನೂ ಎಳೆಯುವುದಿಲ್ಲ. ನಮ್ಮ ಸ್ನಾಯುಗಳೇ ಬಿಗಿದು ಡ್ರಿಲ್ಲಿನ ಹಿಡಿಯನ್ನು ಬಿಡದಂತೆ ಅಮುಕಿಕೊಳ್ಳುತ್ತವೆ. ಅಮೆರಿಕದ ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ ಒಪ್ಪಿ ಬಂದವರ ಕೈಗೇ ಕರೆಂಟು ಕೊಟ್ಟು ಇದನ್ನು ಅಳೆದ. ತಂತಿ ಬಿಡಲಾಗದ ಹಂತ ಗಂಡಸರಿಗೆ ಸರಾಸರಿ 16, ಹೆಂಗಸರಿಗೆ ಹತ್ತೂವರೆ ಮಿಲಿಆಂಪಿಯರ್. ಇದೇ ಡಾಲ್ಜಿಯಲ್ 1961ರಲ್ಲಿ ಸೋರಿಕೆ ಪತ್ತೆಮಾಡಿ ಕರೆಂಟು ಕಡಿಯುವ ಸಾಧನವನ್ನೂ ರೂಪಿಸಿದ.

ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಇದೆಯಲ್ಲ ಅನ್ನಬಹುದು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬೇಸಿಗೆ ನೆನೆಸಿಕೊಳ್ಳಿ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಒಣಗಿ ಅದರ ರೋಧ 20 ಓಮಿಗೆ ಏರಿತು ಅನ್ನಿ. ಮಷಿನ್ನಿನ ತಗಡಿಗೆ ಫೇಸ್ ತಾಗಿದರೂ ನೆಲಕ್ಕೆ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. ಎಂಸಿಬಿ ಬೀಳುವುದಿಲ್ಲ, ತಗಡಿನಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಗುಂಡಿಯ ಪೈಪಿಗೆ ಆಗಾಗ ಎರಡು ಕೊಡ ನೀರು ಹುಯ್ಯುವುದನ್ನು ಮರೆತರೆ ಹೀಗೇ.

ಈಗ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಇಂಥದೇ ಸಾಧನವಾದ ಆರ್‌ಸಿಸಿಬಿಯ ಚಂದ ನೋಡಿ. ಅದು ಕೇಳುವುದು ಒಂದೇ ಪ್ರಶ್ನೆ: ಹೋದಷ್ಟು ವಾಪಸ್ ಬಂತಾ? ಭದ್ರಾ ನಾಲೆಯಲ್ಲಿ ಮೇಲೆ ಬಿಟ್ಟ ನೀರು ಕೊನೇ ಭಾಗಕ್ಕೆ ಮುಟ್ಟದಿದ್ದರೆ ನಡುವೆ ಎಲ್ಲೋ ಪಂಪ್‌ಸೆಟ್ ಕೂತಿದೆ ಎಂದೇ ಲೆಕ್ಕ. ಬೆಣ್ಣೆದೋಸೆ ಹೋಟೆಲಿನಲ್ಲಿ ಹೋದ ತಟ್ಟೆ ನಲವತ್ತು, ತೊಳೆಯಲು ಬಂದದ್ದು ಮೂವತ್ತೊಂಬತ್ತು ಅಂದರೂ ಅಷ್ಟೇ. ಸಾಧನದ ಒಳಗೆ ಬಳೆಯಂಥ ಒಂದು ಕಾಂತೀಯ ಉಂಗುರ. ಫೇಸ್, ನ್ಯೂಟ್ರಲ್ ಎರಡೂ ಅದರೊಳಗೆ ಹಾಯುತ್ತವೆ. ಎದುರುಬದುರು ಹರಿಯುವ ಎರಡು ಕರೆಂಟು ಸಮವಿರುವ ತನಕ ಅವುಗಳ ಕಾಂತಬಲ ಸಮಜೋಡಿಯ ಹಗ್ಗಜಗ್ಗಾಟದಂತೆ ಸೊನ್ನೆ. ಒಂದಿಷ್ಟು ನಿಮ್ಮ ಮೈಮೂಲಕ ನೆಲಕ್ಕೆ ಸೋರಿತೋ, ಹಗ್ಗ ಒಂದು ಕಡೆ ಜಾರುತ್ತದೆ. ಉಂಗುರಕ್ಕೆ ಸುತ್ತಿದ ಮೂರನೇ ಸುರುಳಿಯಲ್ಲಿ ಕರೆಂಟು ಹುಟ್ಟಿ ಕೊಂಡಿ ಕಳಚುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ, 150ರ ಸೋರಿಕೆಗೆ 40 ಮಿಲಿಸೆಕೆಂಡಿನೊಳಗೆ ಬೀಳಬೇಕು. ಹೃದಯದ ಒಂದು ಬಡಿತದ ಇಪ್ಪತ್ತನೇ ಒಂದು ಪಾಲು! ಜುಮ್ಮೆನ್ನುತ್ತದೆ, ಆದರೆ ಕೈ ಬಿಡುತ್ತದೆ.

ಅಂಗಡಿಯಲ್ಲಿ ಲೇಬಲ್ ಓದಿ ಕೊಳ್ಳಿ. 100, 300 ಮಿಲಿಆಂಪಿಯರಿನವೂ ಸಿಗುತ್ತವೆ, ಅವು ಜೀವ ಕಾಯಲು ಸಾಲವು. ‘ಸುಮ್ಮಸುಮ್ನೆ ಬೀಳ್ತದೆ’ ಎಂದು ಬೈಪಾಸ್ ಮಾಡುವವರು ಹಲವರು. ಬಹಳ ಸಲ ಕಾರಣ ವೈರಿಂಗಿನಲ್ಲೇ ಇರುತ್ತದೆ: ಬೇರೆ ಲೈನಿನ ನ್ಯೂಟ್ರಲ್ ಬೆರೆತಿರುತ್ತದೆ, ಇಲ್ಲವೇ ಆರ್‌ಸಿಸಿಬಿ ದಾಟಿದ ಮೇಲೆ ನ್ಯೂಟ್ರಲ್ಲನ್ನು ಅರ್ಥಿಗೆ ಸೇರಿಸಿರುತ್ತಾರೆ. ಅದನ್ನು ಬಿಡಿಸಿ ಸರಿಮಾಡಬೇಕು. ಎಂಸಿಬಿಯನ್ನಂತೂ ತೆಗೆಯಬೇಡಿ, ಲೋಡು ಹೆಚ್ಚಾದರೆ ಆರ್‌ಸಿಸಿಬಿಗೆ ಗೊತ್ತಾಗದು. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ ತಾಗಿ, ನೆಲದ ಸಂಪರ್ಕ ಇಲ್ಲದಿದ್ದರೆ ಅದಕ್ಕೆ ಲೆಕ್ಕ ಸರಿಯಾಗೇ ಕಾಣುತ್ತದೆ, ಬೀಳುವುದಿಲ್ಲ.

ಚೌಕದೊಳಗೆ ಚೌಕದ ಗುರುತಿರುವ ಡ್ರಿಲ್ಲಿಗೆ ಎರಡೇ ಪಿನ್, ಅರ್ಥ್ ಬೇಡ. ಒಳಗೆ ಎರಡು ಪದರ ನಿರೋಧಕ ಇದೆ. ಆದರೆ ನೀರು ಬಿಟ್ಟುಕೊಂಡು ಗ್ರಾನೈಟ್ ಕೊಯ್ಯುವಾಗ ಕೆಸರು ಮೋಟಾರಿನೊಳಗೆ ಹೋದರೆ ಆ ಪದರಗಳನ್ನು ನಂಬುವಂತಿಲ್ಲ. ಅಲ್ಲಿ ಆರ್‌ಸಿಸಿಬಿ ಇರಲೇಬೇಕು. ಹಸಿ ಹವಾಯಿ ಚಪ್ಪಲಿ ಲೆಕ್ಕಕ್ಕಿಲ್ಲ.

ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಟಪ್ ಎಂದು ಬಿದ್ದರೆ ಸಾಧನ ಸರಿಯಿದೆ, ಅಷ್ಟೇ ಖಾತ್ರಿ. ಅರ್ಥಿಂಗ್ ಸರಿಯಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ, ಆ ಗುಂಡಿ ಅರ್ಥ್ ವೈರಿನ ತಂಟೆಗೇ ಹೋಗುವುದಿಲ್ಲ.